62 ಕೆಜಿ ಕರಿಯನನ್ನ ವಿಮಾನ ಹತ್ತಿಸಿದ್ದು

ನಮ್ಮೋರಿಗೆ ಜರ್ಮನಿಯಲ್ಲಿ ಕೆಲಸ ಖಾಯಂ ಆಯ್ತು ಅಂತ ಗೊತ್ತಾದಾಗ ಜನ ಕೇಳಿದ್ದು ಮನೆ ಏನ್ಮಾಡ್ತೀರ, ಮಗಳ ಸ್ಕೂಲ್ ಹೆಂಗೆ ಅಂತಲ್ಲ, "ಕರಿಯನ್ನ ಏನ್ಮಾಡ್ತೀರಿ" ಅಂತ. ಕರಿಯ ನಮ್ಮ ಗ್ರೇಟ್ ಡೇನ್, ತೂಕ 62 ಕೆಜಿ, ಬಾಗಿಲಲ್ಲಿ ಅಡ್ಡ ಮಲಗಿದ್ರೆ ಒಳಗಿದ್ದೋರು ಒಳಗೇ, ಹೊರಗಿದ್ದೋರು ಹೊರಗೇ. ಯಾರಿಗಾದ್ರೂ ಕೊಟ್ಬಿಡಿ ಅಂದೋರೇ ಜಾಸ್ತಿ. ಕೊಡೋ ಮಾತೇ ಎತ್ಬೇಡಿ ಅಂತ ಮಗಳು ಮೊದಲ ದಿನಾನೇ ತೀರ್ಪು ಕೊಟ್ಟಿದ್ಲು, ನಮ್ಮ ಮನಸ್ಸಲ್ಲೂ ಅದೇ ಇತ್ತು, ಸರಿ ಕರ್ಕೊಂಡೇ ಹೋಗೋದು ಅಂತಾಯ್ತು. ಈಗ ಇಲ್ಲಿ ಬಂದು ಒಂದು ಲೆವೆಲ್ಲಿಗೆ ಸೆಟಲ್ ಆದ್ಮೇಲೆ ಪರಿಚಯದೋರು ಒಬ್ರಲ್ಲ ಒಬ್ರು ಫೋನ್ ಮಾಡಿ ಹೆಂಗ್ ಕರ್ಕೊಂಡ್ ಹೋದ್ರಿ ಅಂತ ಕೇಳ್ತಾನೇ ಇರ್ತಾರೆ, ಅದಕ್ಕೆ ಎಲ್ರಿಗೂ ಸೇರಿಸಿ ಒಂದೇ ಸಲ ಬರೆದುಬಿಡ್ತೀನಿ. ಮೊದಲೇ ಒಂದು ಮಾತು: ಚಿಕ್ಕ ನಾಯಿ ಕರ್ಕೊಂಡು ಹೋದೋರ ಅನುಭವ ಕೇಳ್ಕೊಂಡು ದೊಡ್ಡ ನಾಯಿಗೆ ಪ್ಲಾನ್ ಮಾಡೋಕೆ ಹೋಗ್ಬೇಡಿ. ಅದೇ ಬೇರೆ, ಇದೇ ಬೇರೆ. ದೊಡ್ಡ ನಾಯಿ ವಿಷಯದಲ್ಲಿ ಯಾವ ವಿಮಾನ, ಯಾವ ದಿನ, ಖರ್ಚೆಷ್ಟು, ಮನೆಯೋರು ಯಾವತ್ತು ಹೊರಡೋದು, ಇದೆಲ್ಲಾನೂ ತೀರ್ಮಾನ ಮಾಡೋದು ಒಂದು ಮರದ ಪೆಟ್ಟಿಗೆ.

ನಾಯಿ ವಿಮಾನದಲ್ಲಿ ಹೋಗೋಕೆ ಇರೋದು ಮೂರು ದಾರಿ. ಸೀಟಿನ ಕೆಳಗೆ ಹಿಡಿಸೋ ಬ್ಯಾಗಲ್ಲಿ ಹಾಕ್ಕೊಂಡು ನಮ್ಮ ಜೊತೆನೇ ಕ್ಯಾಬಿನ್ನಲ್ಲಿ, ಇದಕ್ಕೆ ಬಹಳಷ್ಟು ಏರ್‌ಲೈನ್ಸ್‌ನಲ್ಲಿ ಬ್ಯಾಗ್ ತೂಕಾನೂ ಸೇರಿ 8 ಕೆಜಿ ಮಿತಿ. ಇಲ್ಲಾಂದ್ರೆ ಎಕ್ಸ್‌ಟ್ರಾ ಲಗೇಜ್ ಲೆಕ್ಕದಲ್ಲಿ ಚೆಕ್-ಇನ್ ಹೊತ್ತಲ್ಲಿ ಒಪ್ಪಿಸೋದು. ಮೂರನೇದು ಕಾರ್ಗೋ, ಏರ್‌ವೇ ಬಿಲ್ ಅನ್ನೋ ಸರಕಿನ ಚೀಟಿ ಎಲ್ಲ ಮಾಡ್ಸಿ ಸರಕಿನ ಟರ್ಮಿನಲ್ಲಿಂದ ಕಳಿಸೋದು. ಕೆಲವು ದೇಶಗಳಿಗೆ ಆಯ್ಕೆನೇ ಇಲ್ಲ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೆ ಹೋಗೋ ಸಾಮಾನ್ಯ ಸಾಕುನಾಯಿ ಚಿಕ್ಕದಿರ್ಲಿ ದೊಡ್ಡದಿರ್ಲಿ ಕಾರ್ಗೋದಲ್ಲೇ ಹೋಗ್ಬೇಕು. ಜರ್ಮನಿಗೆ ಲಗೇಜ್ ಲೆಕ್ಕದಲ್ಲೂ ಹೋಗ್ಬಹುದು, ಆದ್ರೆ ಅಲ್ಲಿ ಪೆಟ್ಟಿಗೆ ಸೇರಿ ಇಷ್ಟೇ ತೂಕ, ಇಷ್ಟೇ ಉದ್ದ ಅಗಲ ಅಂತ ಇರತ್ತಲ್ಲ, ಕರಿಯ ಎರಡರಲ್ಲೂ ಫೇಲ್. ಹಾಗಾಗಿ ಕಾರ್ಗೋ.

ಕಾರ್ಗೋ ಅಂದ ತಕ್ಷಣ ಅತ್ತೆ ಹೌಹಾರಿಬಿಟ್ರು. "ಮೂಟೆ ಜೊತೆ ಹಾಕ್ತಾರೇನೇ? ಉಸಿರು ಕಟ್ಟಿ ಸತ್ತೋಗಲ್ವಾ?" ಅಂತ. ಅವ್ರೊಬ್ರೇ ಅಲ್ಲ, ಸುಮಾರು ಜನಕ್ಕೆ ಇದೇ ಭಯ ಇರತ್ತೆ. ಹೋಲ್ಡ್ ಅಂದ್ರೆ ವಿಮಾನದ ಕೆಳಗೆ ಸರಕು ತುಂಬೋ ಜಾಗ, ಅಲ್ಲೂ ಗಾಳಿಯ ಒತ್ತಡ ನಮ್ಮ ಕ್ಯಾಬಿನ್ನಲ್ಲಿ ಇರೋಷ್ಟೇ ಇರತ್ತೆ, ಪ್ರಾಣಿ ಹಾಕೋ ಭಾಗಕ್ಕೆ ಗಾಳಿ ಓಡಾಟ ಇರತ್ತೆ, ಬಿಸಿ ಎಷ್ಟು ಬೇಕೋ ಅಷ್ಟು ಇಡ್ತಾರೆ, ಒಳಗೆ ಜೀವಂತ ಪ್ರಾಣಿ ಇದೆ ಅಂತ ಹೊರಡೋಕೆ ಮುಂಚೆ ಕ್ಯಾಪ್ಟನ್‌ಗೆ ಬರಹದಲ್ಲೇ ತಿಳಿಸ್ತಾರೆ. ಅಪಾಯ ಇರೋದು ಮೇಲೆ ಹಾರೋವಾಗ ಅನ್ನೋದಕ್ಕಿಂತ ಕೆಳಗೆ ಕಾಯೋವಾಗ, ಸುಡೋ ಬಿಸಿಲಲ್ಲಿ ರನ್‌ವೇ ಪಕ್ಕ ಪೆಟ್ಟಿಗೆ ಇಟ್ಟು ಲೋಡಿಂಗ್ ತಡ ಆದ್ರೆ ಅದು ಅಪಾಯ. ಈ ವಿಷಯಕ್ಕೆ ಆಮೇಲೆ ಬರ್ತೀನಿ.

ಮೊದಲ ಕೆಲಸ ಡಾಕ್ಟ್ರ ಹತ್ರ. ನಾನು ಕರಿಯನ ವ್ಯಾಕ್ಸಿನ್ ಪುಸ್ತಕ ಹಿಡ್ಕೊಂಡು ಹೋಗಿದ್ದೆ, ಮರಿ ಇದ್ದಾಗಿಂದ ಒಂದು ವರ್ಷಾನೂ ತಪ್ಪದೆ ಹಾಕ್ಸಿದೀವಿ. ಡಾಕ್ಟ್ರು ಪುಸ್ತಕ ತೆಗೆದೇ ನೋಡ್ಲಿಲ್ಲ, "ಚಿಪ್ ಇದ್ಯಾ?" ಅಂದ್ರು. ಇರ್ಲಿಲ್ಲ, ನಮ್ಮಲ್ಲಿ ಯಾರೂ ಕೇಳಿರ್ಲೂ ಇಲ್ಲ. "ಹಾಗಾದ್ರೆ ಈ ಪುಸ್ತಕ ಲೆಕ್ಕಕ್ಕಿಲ್ಲ, ಇವತ್ತಿಂದ ಹೊಸದಾಗಿ ಶುರು" ಅಂದ್ರು. ಐರೋಪ್ಯ ಒಕ್ಕೂಟದ ನಿಯಮ ಹಂಗೇ ಇದೆ, ಚಿಪ್ ಹಾಕೋಕೆ ಮುಂಚೆ ಕೊಟ್ಟ ರೇಬೀಸ್ ಇಂಜೆಕ್ಷನ್ ಕೊಟ್ಟಂಗೇ ಅಲ್ಲ, ಯಾಕಂದ್ರೆ ಆ ಇಂಜೆಕ್ಷನ್ ಇದೇ ನಾಯಿಗೆ ಕೊಟ್ಟಿದ್ದು ಅನ್ನೋಕೆ ಸಾಕ್ಷಿ ಇಲ್ಲ. ಚಿಪ್ ಅಂದ್ರೆ 15 ಅಂಕಿಯ ನಂಬರ್ ಇರೋ ಪುಟ್ಟ ಗಾಜಿನ ಕೊಳವೆ, ಐಎಸ್ಒ 11784 ಮತ್ತು 11785 ಅಂತ ಮಾನದಂಡ ಇದೆ, ಅದಕ್ಕೆ ಹೊಂದೋ ಚಿಪ್ಪೇ ಇರ್ಬೇಕು. ಎರಡು ಭುಜದ ನಡುವೆ ಚರ್ಮದ ಕೆಳಗೆ ದಪ್ಪ ಸೂಜಿಯಲ್ಲಿ ಹಾಕಿದ್ರು, ಕರಿಯ ತಿರುಗಿ ಒಂದ್ಸಲ ನೋಡ್ದ ಅಷ್ಟೇ.

ಇಲ್ಲಿಂದ ಕ್ಯಾಲೆಂಡರ್ ಆಟ ಶುರು. ಚಿಪ್ ಆದ್ಮೇಲೆ ರೇಬೀಸ್ ವ್ಯಾಕ್ಸಿನ್, ಅದಾಗಿ ಕಮ್ಮಿ ಅಂದ್ರೂ 30 ದಿನ ಬಿಟ್ಟು ರಕ್ತ ತೆಗೆದು ಒಕ್ಕೂಟದೋರು ಒಪ್ಪಿರೋ ಲ್ಯಾಬಿಗೇ ಕಳಿಸ್ಬೇಕು, ಪಕ್ಕದ ಬೀದಿ ಲ್ಯಾಬ್ ರಿಪೋರ್ಟ್ ನಡೆಯಲ್ಲ. ರಕ್ತದಲ್ಲಿ ರೇಬೀಸ್ ವಿರುದ್ಧದ ಪ್ರತಿಕಾಯ ಮಿಲಿಲೀಟರಿಗೆ 0.5 ಇಂಟರ್‌ನ್ಯಾಷನಲ್ ಯೂನಿಟ್ ಅಥವಾ ಅದಕ್ಕಿಂತ ಜಾಸ್ತಿ ಇರ್ಬೇಕು. ಇದನ್ನೇ ಎಲ್ರೂ ಟೈಟರ್ ಟೆಸ್ಟ್ ಅನ್ನೋದು. ಪಾಸಾದ್ರೂ ಮಾರನೇ ದಿನ ಹೊರಡೋ ಹಾಗಿಲ್ಲ, ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯ್ಬೇಕು. ಗಮನಿಸಿ, ರಿಪೋರ್ಟ್ ಬಂದ ದಿನದಿಂದ ಅಲ್ಲ, ರಕ್ತ ತೆಗೆದ ದಿನದಿಂದ. ಇದು ಒಕ್ಕೂಟದ ಪಟ್ಟಿಯಲ್ಲಿ ಇಲ್ಲದ ದೇಶಗಳಿಂದ ಹೋಗೋ ನಾಯಿಗಳಿಗೆ, ಪಟ್ಟಿಯಲ್ಲಿರೋ ದೇಶದೋರಿಗೆ ಈ ರಕ್ತದ ರಗಳೆ ಇಲ್ಲ. ಎಲ್ಲ ಸೇರಿ ಏನೂ ಎಡವಟ್ಟಾಗದಿದ್ರೂ ನಾಲ್ಕು ತಿಂಗಳಿಗೆ ಕಮ್ಮಿ ಆಗಲ್ಲ. ಬೇರೆ ಕಡೆ ಇನ್ನೂ ಬಿಗಿ ಇದೆ. ಜಪಾನಿಗಾದ್ರೆ ರಕ್ತ ತೆಗೆದು 180 ದಿನ ಕಾಯ್ಬೇಕು. ಆಸ್ಟ್ರೇಲಿಯಾಕ್ಕೂ ಕಾಯೋದು ಹೆಚ್ಚುಕಮ್ಮಿ ಅಷ್ಟೇ, ಮೇಲಿಂದ ಹೋದ್ಮೇಲೆ ಮೆಲ್ಬರ್ನ್ ಹತ್ರ ಮಿಕಲ್‌ಹ್ಯಾಮ್‌ನಲ್ಲಿ ಸರ್ಕಾರಿ ಕ್ವಾರಂಟೈನ್, ಕಮ್ಮಿ ಅಂದ್ರೆ 10 ದಿನ. ಬ್ರಿಟನ್ನಿಗೆ ಹೋಗೋರು ತಲುಪೋ 24ರಿಂದ 120 ಗಂಟೆ ಮುಂಚೆ ಲಾಡಿಹುಳದ ಔಷಧಿ ಡಾಕ್ಟ್ರ ಕೈಯಲ್ಲೇ ಕೊಡ್ಸಿ ಬರೆಸ್ಕೋಬೇಕು. ಅಮೆರಿಕದಲ್ಲೂ 2024ರ ಆಗಸ್ಟ್ 1ರಿಂದ ನಾಯಿಗಳಿಗೆ ಹೊಸ ನಿಯಮ ಬಂದಿದೆ, ಆರು ತಿಂಗಳು ತುಂಬಿರ್ಬೇಕು, ಚಿಪ್ ಇರ್ಬೇಕು. ಹಾಗಾಗಿ ಯಾವ ದೇಶವೋ ಆ ದೇಶದ ಸರ್ಕಾರಿ ಪುಟ ನೀವೇ ಕೂತು ಓದಿ, ನನ್ನ ಮಾತೂ ನಂಬ್ಬೇಡಿ, ನಿಯಮ ಬದಲಾಗ್ತಾ ಇರತ್ತೆ.

ರಕ್ತದ ಫಾರಂ ತುಂಬೋವಾಗ ಕ್ಲಿನಿಕ್ಕಿನ ಹುಡುಗ ಚಿಪ್ ನಂಬರಿನಲ್ಲಿ ಎರಡು ಅಂಕಿ ಅದಲು ಬದಲು ಬರ್ದಿದ್ದ. ಮಗಳು ಪಕ್ಕದಲ್ಲಿ ನಿಂತು ಸ್ಟಿಕರ್ ಹಿಡ್ಕೊಂಡು ಒಂದೊಂದೇ ಅಂಕಿ ಜೋರಾಗಿ ಓದ್ತಿದ್ಲು, ಅವಳ ಕಣ್ಣಿಗೆ ಬಿತ್ತು. ಅದು ಹಾಗೇ ಹೋಗಿದ್ರೆ ರಿಪೋರ್ಟ್ ಬೇರೆ ಯಾವುದೋ ನಾಯಿದಾಗಿ ಮತ್ತೆ ರಕ್ತ, ಮತ್ತೆ ಮೂರು ತಿಂಗಳು. ಚಿಪ್ ಜೊತೆ ಬಾರ್‌ಕೋಡ್ ಸ್ಟಿಕರ್ ಕೊಡ್ತಾರೆ, ಜೋಪಾನ ಮಾಡಿ, ಎಲ್ಲೆಲ್ಲಿ ಆಗತ್ತೋ ಅಲ್ಲೆಲ್ಲ ಕೈಯಲ್ಲಿ ಬರೆಯೋ ಬದಲು ಅದನ್ನೇ ಅಂಟಿಸಿ. ಮತ್ತೆ ಪ್ರತಿ ಸಲ ಕ್ಲಿನಿಕ್ಕಿಗೆ ಹೋದಾಗ ಸ್ಕ್ಯಾನರ್ ಹಾಕಿ ಓದ್ಸಿ, ಚಿಪ್ ಒಳಗೆ ಜಾರಿ ಕಾಲಿನ ಕಡೆ ಹೋಗೋದೂ ಇದೆ, ಕರಿಯನದ್ದು ಭುಜದಿಂದ ಸ್ವಲ್ಪ ಎಡಕ್ಕೆ ಸರಿದಿತ್ತು, ಅದನ್ನ ನೆನಪಿಟ್ಕೊಂಡು ಮುಂದೆ ಪ್ರತಿ ಕಡೆ "ಸ್ವಲ್ಪ ಎಡಗಡೆ ಹಿಡೀರಿ" ಅಂತ ನಾನೇ ಹೇಳ್ತಿದ್ದೆ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ನಮ್ಮೋರು ಕೆಲಸಕ್ಕೆ ಸೇರ್ಬೇಕು ಅಂತ ನಮಗಿಂತ ಮುಂಚೇನೇ ಹೊರಟ್ರು. ಒಕ್ಕೂಟದ ನಿಯಮದಲ್ಲಿ ಮಾಲೀಕರು ಅಥವಾ ಅವ್ರು ಬರೆದುಕೊಟ್ಟೋರು ಹೋಗೋ ದಿನಕ್ಕೂ ನಾಯಿ ಹೋಗೋ ದಿನಕ್ಕೂ ಐದು ದಿನಕ್ಕಿಂತ ಜಾಸ್ತಿ ಅಂತರ ಇರೋ ಹಾಗಿಲ್ಲ, ಇದ್ರೆ ಅದು ವ್ಯಾಪಾರದ ನಾಯಿ ಲೆಕ್ಕಕ್ಕೆ ಹೋಗತ್ತೆ, ಕಾಗದಪತ್ರಾನೇ ಬೇರೆ. ಹಾಗಾಗಿ ಕರಿಯನ ಎಲ್ಲ ಕಾಗದಾನೂ ಮೊದಲಿಂದ ನನ್ನ ಹೆಸರಲ್ಲೇ ಮಾಡ್ಸಿದ್ವಿ, ಯಾಕಂದ್ರೆ ಜೊತೆಗೆ ಹೋಗೋಳು ನಾನು. ಮನೆಯಲ್ಲಿ ಒಬ್ರು ಮುಂಚೆ ಹೋಗಿ ಇನ್ನೊಬ್ರು ಆಮೇಲೆ ಹೋಗೋ ಪ್ಲಾನ್ ಇದ್ರೆ ಇದನ್ನ ಮರೀಬೇಡಿ.

ಈಗ ಪೆಟ್ಟಿಗೆ. ವಿಮಾನದಲ್ಲಿ ಪ್ರಾಣಿ ಸಾಗಿಸೋಕೆ ಅಯಾಟಾ ಅಂತ ಏರ್‌ಲೈನ್ಸ್ ಸಂಘದ್ದು ನಿಯಮ ಪುಸ್ತಕ ಇದೆ, ಎಲ್ಲ ಏರ್‌ಲೈನ್ಸೂ ಅದನ್ನೇ ನೋಡೋದು. ನಾಲ್ಕು ಅಳತೆ ತಗೋಬೇಕು. ಮೂಗಿನ ತುದಿಯಿಂದ ಬಾಲದ ಬುಡದವರೆಗೆ, ನೆಲದಿಂದ ಮುಂಗಾಲಿನ ಮೊಣಕೈವರೆಗೆ, ಭುಜದ ಅಗಲ, ಆಮೇಲೆ ನೆಟ್ಟಗೆ ನಿಂತಾಗ ನೆಲದಿಂದ ತಲೆ ಅಥವಾ ಕಿವಿ ತುದಿ, ಯಾವುದು ಎತ್ತರವೋ ಅದು. ಪೆಟ್ಟಿಗೆ ಒಳಗಿನ ಉದ್ದ ಮೊದಲನೇದಕ್ಕೆ ಎರಡನೇದರ ಅರ್ಧ ಸೇರಿಸಿದ್ರೆ ಸಿಗತ್ತೆ, ಅಗಲ ಅಂದ್ರೆ ಭುಜದ ಅಗಲದ ಎರಡರಷ್ಟು, ಎತ್ತರ ಕೊನೇದಕ್ಕೆ ಹಾಸಿಗೆಯ ದಪ್ಪ ಸೇರಿಸಿ. ಪುಸ್ತಕದಲ್ಲಿ ಓದೋಕೆ ಸಲೀಸು. ಕರಿಯ ಟೇಪ್ ನೋಡಿದ ತಕ್ಷಣ ಆಟ ಅಂದ್ಕೊಂಡು ಅಂಗಾತ ಬಿದ್ಕೊಂಡ. ಎಬ್ಬಿಸಿ ಗೋಡೆಗೆ ಒರಗಿಸಿ ನಿಲ್ಸಿ, ಮಗಳು ಮುಂದೆ ಬಿಸ್ಕೆಟ್ ಹಿಡ್ಕೊಂಡು, ಅತ್ತೆ ಹಿಂದಿಂದ ಸೊಂಟ ಹಿಡ್ಕೊಂಡು, ನಾನು ತಲೆ ಮೇಲೆ ಸ್ಕೇಲ್ ಅಡ್ಡ ಇಟ್ಟು ಗೋಡೆ ಮೇಲೆ ಪೆನ್ಸಿಲ್ ಗೆರೆ ಎಳೆಯೋ ಹೊತ್ತಿಗೆ ಅವ್ನು ಬಿಸ್ಕೆಟ್ ಕಡೆ ತಲೆ ತಗ್ಗಿಸಿಬಿಡೋನು. ಕೊನೆಗೆ ಮಗಳು ಬಿಸ್ಕೆಟ್ಟನ್ನ ಕೆಳಗೆ ಹಿಡಿಯೋ ಬದಲು ಅವನ ಮೂಗಿನ ಮಟ್ಟಕ್ಕೆ ಹಿಡಿದಾಗ ಸರಿ ನಿಂತ. 112, 52, 34, 104, ಎಲ್ಲ ಸೆಂಟಿಮೀಟರಲ್ಲಿ.

ಅಂಗಡಿಯಲ್ಲಿ ಸಿಗೋ ಅತಿ ದೊಡ್ಡ ಪ್ಲಾಸ್ಟಿಕ್ ಕ್ರೇಟಲ್ಲೂ ಇವನು ತಲೆ ಎತ್ತಿ ನಿಲ್ಲೋಕಾಗಲ್ಲ. ನಾವು ಮೊದಲು ಮಾತಾಡಿದ್ದ ಏಜೆಂಟ್ ಮಹಾಶಯ "ದೊಡ್ಡ ಪ್ಲಾಸ್ಟಿಕ್ ಕ್ರೇಟ್ ಸಾಕು ಮೇಡಂ, ಹೆಂಗಿದ್ರೂ ಮಲ್ಕೊಂಡೇ ಹೋಗ್ತಾನೆ" ಅಂದ. ನಿಯಮದಲ್ಲಿ ನಾಯಿ ನೆಟ್ಟಗೆ ನಿಲ್ಬೇಕು, ತಿರುಗ್ಬೇಕು, ಆರಾಮಾಗಿ ಮಲಗ್ಬೇಕು ಅಂತ ಸ್ಪಷ್ಟವಾಗಿದೆ, ಕಾರ್ಗೋದಲ್ಲಿ ತಗೊಳ್ಳೋವಾಗ ಅವ್ರು ನೋಡೋ ಮೊದಲನೇ ವಿಷಯಾನೇ ಅದು, ಕಿವಿ ಮೇಲಕ್ಕೆ ತಗುಲಿದ್ರೆ ವಾಪಸ್ ಕಳಿಸ್ತಾರೆ ಅಂತ ನಾನು ಹೇಳಿದ್ರೆ "ಅಡ್ಜಸ್ಟ್ ಮಾಡ್ಸೋಣ" ಅಂತಾನೆ. ಅಡ್ಜಸ್ಟ್ ಅನ್ನೋ ಮಾತು ಕೇಳಿದ ದಿನಾನೇ ಅವನನ್ನ ಬಿಟ್ವಿ. ಎರಡನೇ ಏಜೆಂಟ್ ಒಬ್ರು ಹೆಂಗಸು, ಫೋನಲ್ಲಿ ಕೇಳಿದ ಮೊದಲನೇ ಪ್ರಶ್ನೆನೇ "ಕಿವಿ ತುದಿವರೆಗೆ ಎಷ್ಟು?" ಅಂತ. ಅಲ್ಲೇ ಗೊತ್ತಾಯ್ತು ಇವ್ರಿಗೆ ಕೆಲಸ ಬರತ್ತೆ ಅಂತ. ಏಜೆಂಟ್ ಬೇಕಾ ಅಂತ ಕೇಳೋರಿಗೆ, ಕಾಗದಪತ್ರ ನೀವೇ ಮಾಡ್ಕೋಬಹುದು, ಕಷ್ಟ ಏನಿಲ್ಲ, ಆದ್ರೆ ಕಾರ್ಗೋ ಬುಕಿಂಗನ್ನ ಎಷ್ಟೋ ಏರ್‌ಲೈನ್ಸ್‌ನೋರು ಸಾಮಾನ್ಯ ಜನರಿಂದ ನೇರವಾಗಿ ತಗೊಳ್ಳಲ್ಲ, ಅಲ್ಲಿ ಬೇಕೇ ಬೇಕು.

ಬಡಗಿ ಅಳತೆ ಚೀಟಿ ನೋಡಿ "ಇದು ನಾಯಿಗಾ ಮೇಡಂ, ಕರುವಿಗಾ?" ಅಂದ್ರು. ಪ್ಲೈವುಡ್ ಗೋಡೆ, ಮೂಲೆಗೆ ಮರದ ಪಟ್ಟಿ, ಮುಂದೆ ಕಬ್ಬಿಣದ ಸರಳಿನ ಬಾಗಿಲು, ನಾಲ್ಕೂ ಕಡೆ ಗಾಳಿ ಕಿಂಡಿ, ಕಿಂಡಿಗೆ ಒಳಗಿಂದ ಜಾಲರಿ, ಮೂಗೂ ಪಂಜಾನೂ ಹೊರಗೆ ಬರಬಾರದು. ಒಳಗೆ ಒಂದೇ ಒಂದು ಮೊಳೆ ತುದಿ ಇರಬಾರದು ಅಂತ ನಾನೇ ಕೈಯಾಡಿಸಿ ನೋಡಿದೀನಿ. ನಾಯಿ ಸೇರಿ 60 ಕೆಜಿ ದಾಟಿದ್ರೆ ಫೋರ್ಕ್‌ಲಿಫ್ಟ್ ತೂರಿಸೋಕೆ ಅಡಿಯಲ್ಲಿ ಪಟ್ಟಿ ಕೊಡ್ಬೇಕು, ನಮ್ಮನೇಲಿ ನಾಯಿ ಒಂದೇ ಅಷ್ಟಿದೆ. ಆಮೇಲೆ ಬಡಗಿಗೂ ಗೊತ್ತಿಲ್ಲದ ಒಂದು ಸಂಗತಿ ಏಜೆಂಟ್ ಹೇಳಿದ್ರು. ಪ್ಲೈವುಡ್‌ಗೆ ತೊಂದ್ರೆ ಇಲ್ಲ, ಆದ್ರೆ ಘನ ಮರದ ಪಟ್ಟಿ ಹಾಕಿದ್ರೆ ಅದು ಹುಳ ಸಾಯೋ ಹಾಗೆ ಬಿಸಿ ಮಾಡಿದ ಮರ ಆಗಿರ್ಬೇಕು, ಅದರ ಮೇಲೆ ಐಎಸ್‌ಪಿಎಂ 15 ಮುದ್ರೆ ಇರ್ಬೇಕು, ಇಲ್ಲಾಂದ್ರೆ ನಾಯಿ ಕಾಗದ ಎಲ್ಲ ಸರಿ ಇದ್ರೂ ಪೆಟ್ಟಿಗೆ ಮರದಿಂದ ತಕರಾರು. ರಫ್ತಿನ ಸರಕು ಇಡೋ ಹಲಗೆ, ಅಂದ್ರೆ ಪ್ಯಾಲೆಟ್ ಮಾಡೋರ ಹತ್ರ ಆ ಮುದ್ರೆ ಇರೋ ಪಟ್ಟಿ ಸಿಕ್ತು.

ಪೆಟ್ಟಿಗೆ ಆದ್ಮೇಲೆ ಹೊರಗಿನ ಅಳತೆ 142, 74, 113 ಬಂತು. ಇಲ್ಲಿ ಎರಡು ಏಟು ಬಿತ್ತು. ಒಂದು, ವಿಮಾನ. ಬೋಯಿಂಗ್ 737 ತರದ ಚಿಕ್ಕ ವಿಮಾನದ ಹೋಲ್ಡ್ ಬಾಗಿಲಿನ ಎತ್ತರ ಸುಮಾರು 90 ಸೆಂಟಿಮೀಟರ್, ನಮ್ಮ ಪೆಟ್ಟಿಗೆ ಅದರಲ್ಲಿ ನುಗ್ಗೋದೇ ಇಲ್ಲ. ಎರಡು ಸಾಲು ನಡೆದಾಡೋ ಜಾಗ ಇರೋ ದೊಡ್ಡ ವಿಮಾನಾನೇ ಬೇಕು, ಅದರ ಕೆಳ ಹೋಲ್ಡಲ್ಲಿ ಸುಮಾರು 160 ಸೆಂಟಿಮೀಟರ್ ಎತ್ತರದವರೆಗೆ ಪ್ಯಾಲೆಟ್ ಮೇಲಿಟ್ಟು ಬಲೆ ಬಿಗಿದು ಹಾಕ್ಬಹುದು. ದಾರಿ ಮಧ್ಯೆ ವಿಮಾನ ಬದಲಾಯಿಸೋದಿದ್ರೆ ಆ ಎರಡನೇ ವಿಮಾನಾನೂ ದೊಡ್ಡದೇ ಆಗಿರ್ಬೇಕು, ಅಲ್ಲಿಗೆ ನಮ್ಮ ಆಯ್ಕೆ ಎಲ್ಲ ಕರಗಿ ನೇರ ವಿಮಾನ ಒಂದೇ ಉಳೀತು. ಎರಡನೇ ಏಟು ದುಡ್ಡು. ಕಾರ್ಗೋದಲ್ಲಿ ನಿಜ ತೂಕ ಒಂದು, ಪೆಟ್ಟಿಗೆ ಹಿಡಿಯೋ ಜಾಗದ ತೂಕ ಒಂದು, ಯಾವುದು ಜಾಸ್ತಿಯೋ ಅದಕ್ಕೆ ಬಿಲ್. ಜಾಗದ ತೂಕ ಅಂದ್ರೆ ಉದ್ದ ಅಗಲ ಎತ್ತರ ಗುಣಿಸಿ 6000ದಿಂದ ಭಾಗಿಸೋದು. ಲೆಕ್ಕ ಹಾಕಿ ನೋಡಿ, 198 ಕೆಜಿ! 62 ಕೆಜಿ ನಾಯಿಗೆ 198 ಕೆಜಿ ಬಾಡಿಗೆ. ಎತ್ತರ ಐದು ಸೆಂಟಿಮೀಟರ್ ಕಮ್ಮಿ ಮಾಡಿದ್ರೆ ಎಷ್ಟು ಉಳಿಯತ್ತೆ ಅಂತ ನಮ್ಮೋರು ವಿಡಿಯೋ ಕಾಲಲ್ಲಿ ಕ್ಯಾಲ್ಕುಲೇಟರ್ ಒತ್ತಿದ್ರು. ಎಂಟು ಕೆಜಿ ಚಿಲ್ಲರೆ ಉಳಿಯತ್ತೆ, ಕರಿಯನ ಕಿವಿ ಮೇಲಕ್ಕೆ ತಾಗತ್ತೆ. ಆ ಮಾತು ಅಲ್ಲಿಗೇ ಬಿಟ್ವಿ.

ದಿನ ಗೊತ್ತು ಮಾಡೋದು ಇನ್ನೊಂದು ಗೋಳು. ಹೊರಡೋ ಊರು ಅಥವಾ ಇಳಿಯೋ ಊರಿನ ಬಿಸಿ ಸುಮಾರು 29 ಡಿಗ್ರಿ ದಾಟೋದಿದ್ರೆ ಹಲವು ಏರ್‌ಲೈನ್ಸ್ ನಾಯಿ ತಗೊಳ್ಳೋದೇ ಇಲ್ಲ, ಚಳಿ ಜಾಸ್ತಿ ಇದ್ರೂ ಹಾಗೇ. ಅದಕ್ಕೆ ಬೇಸಿಗೆ ಬಿಟ್ಟು ರಾತ್ರಿ ಹೊರಡೋ ವಿಮಾನ ನೋಡಿದ್ವಿ. ಪಗ್, ಬಾಕ್ಸರ್ ತರ ಮೊಂಡು ಮೂಗಿನ ನಾಯಿ ಇರೋರಿಗೆ ಇದು ಇನ್ನೂ ಕಷ್ಟ, ಉಸಿರಾಟದ ತೊಂದರೆ ಕಾರಣಕ್ಕೆ ಕೆಲವು ಕಂಪನಿಗಳು ಆ ತಳಿಗಳನ್ನ ಯಾವ ಕಾಲದಲ್ಲೂ ಒಯ್ಯಲ್ಲ. ಏಜೆಂಟ್ ಮೇಡಂ ಮಾತು ಸರಳ: "ಮೊದಲು ನಾಯಿ ಜಾಗ ಕನ್ಫರ್ಮ್ ಆಗ್ಲಿ, ಆಮೇಲೆ ನಿಮ್ಮ ಟಿಕೆಟ್ ತಗೊಳ್ಳಿ." ಕಾರ್ಗೋ ಜಾಗ ಖಚಿತ ಆಗೋದು ತೀರಾ ಹತ್ರ ಬಂದ್ಮೇಲೇನೇ, ಅಷ್ಟೊತ್ತಿಗೆ ನಮ್ಮ ಟಿಕೆಟ್ ರೇಟು ಆಕಾಶಕ್ಕೇರಿರತ್ತೆ, ಆದ್ರೂ ಅವ್ರು ಹೇಳಿದ ಹಾಗೇ ಮಾಡಿದ್ವಿ. ಮನೆ ಮಾಲೀಕರಿಗೆ ಯಾವತ್ತು ಖಾಲಿ ಮಾಡ್ತೀವಿ ಅಂತ ಹೇಳೋಕಾಗ್ಲಿಲ್ಲ, ಮಗಳ ಟಿಸಿ ಮೇಲೆ ದಿನಾಂಕ ಬರೆಸೋಕಾಗ್ಲಿಲ್ಲ, ಎಲ್ರಿಗೂ "ಕರಿಯನ ಬುಕಿಂಗ್ ಆಗ್ಲಿ ತಡೀರಿ" ಅನ್ನೋದೇ ಉತ್ತರ.

ಪೆಟ್ಟಿಗೆ ಕೊನೇ ವಾರದಲ್ಲಿ ತರಿಸ್ಬೇಡಿ, ಎರಡು ತಿಂಗಳಾದ್ರೂ ಮುಂಚೆ ಮನೇಲಿರ್ಲಿ. ನಮ್ಮದು ಹಾಲ್ ಮಧ್ಯೆ ಕೂತಿತ್ತು, ಬಂದೋರೆಲ್ಲ ಸುತ್ತಾಕ್ಕೊಂಡು ಹೋಗ್ಬೇಕು. ಮೊದಮೊದಲು ಕರಿಯ ಹತ್ರಾನೂ ಬರ್ಲಿಲ್ಲ. ಬಾಗಿಲು ಬಿಚ್ಚಿಟ್ಟು ಊಟದ ಬಟ್ಟಲನ್ನ ಮೊದಲು ಹೊಸ್ತಿಲಲ್ಲಿ, ಆಮೇಲೆ ಒಂದೊಂದು ಅಡಿ ಒಳಗೆ ಇಡ್ತಾ ಹೋದ್ವಿ, ಮುಂಗಾಲು ಒಳಗೆ ಹಿಂಗಾಲು ಹೊರಗೆ ಇಟ್ಕೊಂಡು ಕತ್ತು ಉದ್ದ ಮಾಡಿ ತಿನ್ನೋನು ಕಳ್ಳ. ಒಂದಿನ ಮಧ್ಯಾಹ್ನ ಕಾಣ್ತಾನೇ ಇಲ್ಲ ಅಂತ ಹುಡುಕಿದ್ರೆ ಒಳಗೆ ಗೊರಕೆ ಹೊಡೀತಿದಾನೆ. ಅಲ್ಲಿಂದ ಬಾಗಿಲು ಹಾಕೋದು, ಐದು ನಿಮಿಷ, ಹತ್ತು ನಿಮಿಷ, ಒಂದು ಗಂಟೆ, ರಾತ್ರಿಯಿಡೀ. ನಿಜ ಹೇಳ್ಬೇಕಂದ್ರೆ ಇಡೀ ವ್ಯವಹಾರದಲ್ಲಿ ಪ್ರಯೋಜನಕ್ಕೆ ಬಂದಿದ್ದು ಇದೇ. ನೀರಿಗೆ ಬಾಗಿಲಿಗೆ ಸಿಕ್ಕಿಸೋ ಎರಡು ಬಟ್ಟಲು, ಬಾಗಿಲು ತೆಗೀದೇ ಹೊರಗಿಂದ ತುಂಬೋ ಹಾಗಿರ್ಬೇಕು, ಅದರಲ್ಲಿ ಕುಡಿಯೋದೂ ಅಭ್ಯಾಸ ಮಾಡ್ಸಿ, ಕರಿಯ ಮೊದಲೆರಡು ದಿನ ಅದನ್ನ ಮೂತಿಯಿಂದ ತಳ್ಳಿ ಬೀಳಿಸೋನು.

ನಿದ್ದೆ ಮಾತ್ರೆ ಕೊಟ್ಬಿಡಿ ಅಂತ ಸಲಹೆ ಕೊಡೋರು ತುಂಬ ಜನ. ಕೊಡ್ಬೇಡಿ. ಮೇಲೆ ಹೋದಾಗ ರಕ್ತದೊತ್ತಡ ಬೀಳಬಹುದು, ಮೈ ಬಿಸಿ ಸರಿತೂಗಿಸೋ ಶಕ್ತಿ ಕಮ್ಮಿ ಆಗತ್ತೆ, ತೂರಾಡಿ ಬಿದ್ರೆ ಕೇಳೋರಿಲ್ಲ, ಮಂಪರಿನಲ್ಲಿರೋ ನಾಯಿ ಅಂತ ಗೊತ್ತಾದ್ರೆ ಏರ್‌ಲೈನ್ಸ್‌ನೋರು ತಗೊಳ್ಳೋದೂ ಇಲ್ಲ.

ಕೊನೇ ಹತ್ತು ದಿನದ ಕಾಗದಗಳು: ತಲುಪೋಕೆ 10 ದಿನದೊಳಗೆ ಕೊಟ್ಟ ಆರೋಗ್ಯ ಪ್ರಮಾಣಪತ್ರ, ಅದೂ ನಮ್ಮ ಡಾಕ್ಟ್ರು ಕೊಟ್ರೆ ಸಾಲದು, ಸರ್ಕಾರಿ ಪಶುವೈದ್ಯಾಧಿಕಾರಿ ಸಹಿ ಮೊಹರು ಬೇಕು. ಜೊತೆಗೆ ಟೈಟರ್ ರಿಪೋರ್ಟ್, ವ್ಯಾಕ್ಸಿನ್ ದಾಖಲೆ, ಇದು ಮಾರೋಕಲ್ಲ ಅಂತ ನನ್ನ ಘೋಷಣೆ, ಪ್ರಾಣಿ ಹೊರದೇಶಕ್ಕೆ ಕಳಿಸೋ ಅನುಮತಿ. ಅಧಿಕಾರಿ ಚಿಪ್ ಓದಿ, ಕಾಗದದ ಜೊತೆ ತಾಳೆ ನೋಡಿ, ಕರಿಯನ ಗಾತ್ರ ನೋಡಿ ಒಂದು ಹೆಜ್ಜೆ ಹಿಂದೆ ಸರಿದು ಸಹಿ ಹಾಕಿದ್ರು. ಎಲ್ಲ ಮೂರು ಮೂರು ಸೆಟ್, ಒಂದು ಪೆಟ್ಟಿಗೆ ಮೇಲೆ ಅಂಟಿಸೋಕೆ, ಒಂದು ಏರ್‌ವೇ ಬಿಲ್ ಜೊತೆ, ಒಂದು ನನ್ನ ಕೈಚೀಲದಲ್ಲಿ.

ಹೊರಡೋ ದಿನ ಊಟದ ವಿಷಯ ದೊಡ್ಡ ತಳಿಯೋರು ಗಮನ ಇಟ್ಟು ಕೇಳಿ. ಗ್ರೇಟ್ ಡೇನ್ ತರ ಆಳವಾದ ಎದೆಯ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳೋ ತೊಂದರೆ ಬರತ್ತೆ, ಬಂದ್ರೆ ಕೆಲವೇ ಗಂಟೆಯಲ್ಲಿ ಜೀವಕ್ಕೆ ಅಪಾಯ, ಆಪರೇಷನ್ ಬಿಟ್ಟು ಬೇರೆ ದಾರಿ ಇರಲ್ಲ. ಹಾಗಾಗಿ ಡಾಕ್ಟ್ರು ಹೇಳಿದಂಗೆ ಬೆಳಿಗ್ಗೆ ಬೇಗ ಸ್ವಲ್ಪ ಕೊಟ್ಟು ಆಮೇಲೆ ಬರೀ ನೀರು. ಅತ್ತೆಗೆ ಸಹಿಸೋಕಾಗ್ಲಿಲ್ಲ, "ಪಾಪ ಖಾಲಿ ಹೊಟ್ಟೇಲಿ" ಅಂತ ಸುತ್ತಾಡ್ತಿದ್ರು, ಅವ್ರ ಕೈಗೆ ಬಿಸ್ಕೆಟ್ ಡಬ್ಬಿ ಸಿಗದಂಗೆ ನೋಡ್ಕೊಳ್ಳೋದೇ ಮಗಳ ಕೆಲಸ ಆಯ್ತು. ಸಂಜೆ ಚೆನ್ನಾಗಿ ನಡೆಸಿ, ಎಲ್ಲ ಮುಗಿಸ್ಕೊಂಡ್ಮೇಲೆ ಟೆಂಪೋ ಹತ್ತಿಸಿದ್ವಿ.

ಕಾರ್ಗೋ ಟರ್ಮಿನಲ್ಲಿನಲ್ಲಿ ಬೇಗ ಬರೋಕೆ ಹೇಳಿರ್ತಾರೆ, ಸುಮ್ನೆ ಹೇಳಲ್ಲ. ತೂಕ, ಅಳತೆ, ಚಿಪ್, ಕಾಗದ, ಆಮೇಲೆ ಸೆಕ್ಯೂರಿಟಿ. ನಾಯಿ ಹೊರಗೆ ತೆಗೀರಿ, ಖಾಲಿ ಪೆಟ್ಟಿಗೆ ತಪಾಸಣೆ ಆಗ್ಬೇಕು ಅಂದ್ರು. ಅಲ್ಲಿ ಫೋರ್ಕ್‌ಲಿಫ್ಟ್ ಓಡಾಟ, ಸೈರನ್, ಲಾರಿ ಹಾರ್ನ್, ಕರಿಯ ನನ್ನ ಕಾಲ ಮಧ್ಯೆ ತಲೆ ತೂರಿಸಿ ನಿಂತ, ಅಷ್ಟು ದೊಡ್ಡ ಪ್ರಾಣಿ ನಡುಗಿದ್ರೆ ನಾವೂ ಜೊತೆಗೆ ಅಲ್ಲಾಡ್ತೀವಿ. ಪೆಟ್ಟಿಗೆ ವಾಪಸ್ ಬಂದು ಬಾಗಿಲು ತೆಗೆದ ತಕ್ಷಣ ಯಾರೂ ಹೇಳದೇ ತಾನೇ ಒಳಗೆ ನಡೆದು ಮಲಗಿಬಿಟ್ಟ, ಆ ಗಲಾಟೆಯಲ್ಲಿ ಅವನಿಗೆ ಗೊತ್ತಿರೋ ಜಾಗ ಅಂದ್ರೆ ಅದೊಂದೇ ತಾನೆ. ಅಲ್ಲಿದ್ದ ಲೋಡರ್ ಹುಡುಗರು "ಇದೇ ಮೊದಲನೇ ಸಲ ನೋಡ್ತಿರೋದು, ಎಲ್ಲ ನಾಯಿನೂ ಎಳ್ಕೊಂಡು ತುಂಬ್ತೀವಿ" ಅಂದ್ರು. ಒಳಗೆ ಹೀರಿಕೊಳ್ಳೋ ಪ್ಯಾಡ್ ಹಾಸಿದ್ವಿ, ಹುಲ್ಲು ಹಾಸ್ಬೇಡಿ, ಕೆಲವು ದೇಶದಲ್ಲಿ ಹುಲ್ಲಿಗೂ ತಕರಾರಿದೆ. ನನ್ನ ಹಳೇ ಚೂಡಿದಾರದ ದುಪಟ್ಟಾ ಒಂದು ಹಾಕಿದ್ದೆ. ಬಾಗಿಲಿಗೆ ಬೋಲ್ಟು, ಮೇಲಿಂದ ನಾಲ್ಕು ಮೂಲೆಗೂ ಕೇಬಲ್ ಟೈ, ಹಸಿರು ಲೇಬಲ್ಲು, ಮೇಲ್ಮುಖ ಬಾಣದ ಗುರುತು, ಅವನ ಹೆಸರು, ನನ್ನ ಎರಡು ಫೋನ್ ನಂಬರು. ಕತ್ತಿನ ಪಟ್ಟಿ ಮಾತ್ರ ಬಿಚ್ಚಿಸಿದ್ರು, ಸರಳಿಗೆ ಸಿಕ್ಕೊಂಡ್ರೆ ಕಷ್ಟ ಅಂತ.

ನಮ್ಮ ವಿಮಾನಾನೂ ಅದೇ. ಹತ್ತಿದ ತಕ್ಷಣ ಗಗನಸಖಿಗೆ ಕೆಳಗೆ ನಮ್ಮ ನಾಯಿ ಇದೆ, ಲೋಡ್ ಆಯ್ತಾ ಅಂತ ಒಂದು ಮಾತು ಕೇಳಿ ಹೇಳಿ ಅಂತ ಕೇಳ್ಕೊಂಡೆ. ಸ್ವಲ್ಪ ಹೊತ್ತಾದ್ಮೇಲೆ ಬಂದು "ಕ್ಯಾಪ್ಟನ್ ಹತ್ರ ಕಾಗದ ಇದೆ, ಒಂದು ನಾಯಿ ಅಂತ ಬರ್ದಿದೆ" ಅಂದ್ರು. ಮಗಳು ನಿದ್ದೆ ಮಾಡಿದ್ಲು, ನಾನು ಮಾಡ್ಲಿಲ್ಲ. ಹೋಲ್ಡಲ್ಲಿ ಕತ್ತಲೆ ಇರತ್ತೆ, ಒಂದೇ ಸಮ ಇಂಜಿನ್ ಸದ್ದು, ಬಹುತೇಕ ನಾಯಿಗಳು ಮಲಗಿಬಿಡ್ತಾವೆ ಅಂತ ಡಾಕ್ಟ್ರು ಹೇಳಿದ್ದು ಗೊತ್ತು, ಆದ್ರೂ ವಿಮಾನ ಅಲ್ಲಾಡಿದಾಗೆಲ್ಲ ಕಾಲ ಕೆಳಗೆ ನೋಡೋದು ತಪ್ಲಿಲ್ಲ.

ಫ್ರಾಂಕ್‌ಫರ್ಟಲ್ಲಿ ಕಾರ್ಗೋದಲ್ಲಿ ಬರೋ ಪ್ರಾಣಿಗಳಿಗೆ ಅಂತಾನೇ 2008ರಿಂದ ಅನಿಮಲ್ ಲೌಂಜ್ ಇದೆ, ಕುದುರೆಗೆ ಲಾಯ, ನಾಯಿಗೆ ಗೂಡು, ಅಲ್ಲೇ ಗಡಿಯ ಪಶುವೈದ್ಯರು. ಇಳಿದ ತಕ್ಷಣ ಸಿಕ್ಕಿಬಿಡ್ತಾನೆ ಅಂದ್ಕೋಬೇಡಿ, ವೈದ್ಯರು ಚಿಪ್ ಓದಿ ಕಾಗದ ನೋಡ್ಬೇಕು, ಆಮೇಲೆ ಕಸ್ಟಮ್ಸ್. ಮನೆ ಬದಲಾಯಿಸ್ಕೊಂಡು ಬರೋರು ಆರು ತಿಂಗಳಿಗಿಂತ ಮುಂಚಿಂದ ಸಾಕಿರೋ ನಾಯಿ ಅಂತ ತೋರಿಸಿದ್ರೆ ಸುಂಕ ಇಲ್ಲ, ಅದಕ್ಕೆ ಕೆಲಸದ ಪತ್ರ, ಇಲ್ಲಿನ ವಿಳಾಸದ ಕಾಗದ ಎಲ್ಲ ತೋರಿಸ್ಬೇಕಾಯ್ತು, ಮರಿ ಕಾಲದ ಆ ಹಳೇ ವ್ಯಾಕ್ಸಿನ್ ಪುಸ್ತಕ ಇಲ್ಲಿ ಉಪಯೋಗಕ್ಕೆ ಬಂತು ನೋಡಿ. ನಮ್ಮೋರು ಬಾಡಿಗೆ ವ್ಯಾನ್ ತಂದಿದ್ರು, ಪೆಟ್ಟಿಗೆ ಎತ್ತರ ಮೊದಲೇ ಕೇಳ್ಕೊಂಡು. ಕರಿಯನನ್ನ ಹೊರಗೆ ಬಿಟ್ಟಾಗ ನಮ್ಮೋರನ್ನ ನೋಡಿ ಕುಣೀತಾನೆ ಅಂತ ಮಗಳು ವಿಡಿಯೋ ಆನ್ ಮಾಡಿ ನಿಂತಿದ್ಲು, ಅವ್ನು ಯಾರನ್ನೂ ನೋಡ್ದೆ ಸೀದಾ ಮೊದಲನೇ ಕಂಬಕ್ಕೆ ಹೋಗಿ ಒಂದು ನಿಮಿಷಕ್ಕೂ ಜಾಸ್ತಿ ಕಾಲೆತ್ತಿ ನಿಂತ. ಒಳಗಿನ ಪ್ಯಾಡ್ ಒಣಗೇ ಇತ್ತು, ಅಷ್ಟು ಹೊತ್ತು ತಡ್ಕೊಂಡಿದ್ದ. ನೀರು ಒಂದು ಬಟ್ಟಲು ಖಾಲಿ, ಮೂತಿ ಮೇಲೆ ಸಣ್ಣ ತರಚು, ಅಷ್ಟೇ.

ಮೊದಲ ಕೆಲವು ದಿನ ಊಟ ಅರ್ಧ ಬಿಡೋನು, ಮಧ್ಯರಾತ್ರಿ ಎದ್ದು ಓಡಾಡೋನು, ನಾನು ಬಾತ್‌ರೂಮಿಗೆ ಹೋದ್ರೂ ಬಾಗಿಲಲ್ಲಿ ಕಾಯೋನು. ಹೊಸ ಬ್ರಾಂಡಿನ ಫುಡ್ಡು ಒಂದೇ ಸಲ ಹಾಕ್ಬೇಡಿ, ಹಳೇದು ಸ್ವಲ್ಪ ಜೊತೆಗೆ ತಂದು ಬೆರೆಸ್ತಾ ಹೋಗಿ, ಇಲ್ಲಾಂದ್ರೆ ಭೇದಿ ಗ್ಯಾರಂಟಿ. ಇಲ್ಲಿ ನಾಯಿಗೂ ತೆರಿಗೆ ಇದೆ, ಊರಿನ ಆಡಳಿತದಲ್ಲಿ ಹೆಸರು ಬರೆಸ್ಬೇಕು, ಕೆಲವು ರಾಜ್ಯದಲ್ಲಿ ದೊಡ್ಡ ನಾಯಿಗೆ ಇನ್ಶೂರೆನ್ಸ್ ಕಡ್ಡಾಯ. ಬರೋ ಮುಂಚೆ ತಳಿ ಪಟ್ಟಿನೂ ನೋಡ್ಕೊಳ್ಳಿ, ಪಿಟ್‌ಬುಲ್, ಬುಲ್ ಟೆರಿಯರ್ ತರದ ಕೆಲವು ತಳಿ ಜರ್ಮನಿಯೊಳಗೆ ತರೋ ಹಾಗೇ ಇಲ್ಲ. ಚಿಪ್ ನಂಬರನ್ನ ಇಲ್ಲಿನ ಟಾಸ್ಸೋ ಅನ್ನೋ ಸಂಸ್ಥೆಯಲ್ಲಿ ಬರೆಸ್ಬಹುದು, ದುಡ್ಡಿಲ್ಲ, ನಾಯಿ ತಪ್ಪಿಸ್ಕೊಂಡ್ರೆ ಅವ್ರೇ ಫೋನ್ ಮಾಡ್ತಾರೆ.

ಆಮೇಲೆ ರೇಬೀಸ್ ಬೂಸ್ಟರ್ ದಿನಾಂಕ ಫೋನಲ್ಲಿ ಅಲಾರಂ ಹಾಕಿಟ್ಕೊಳ್ಳಿ. ಒಂದು ದಿನಾನೂ ತಪ್ಪದೆ ಹಾಕ್ಸಿದ್ರೆ ಆ ಟೈಟರ್ ರಿಪೋರ್ಟ್ ಒಕ್ಕೂಟದಲ್ಲಿ ಮುಂದಕ್ಕೂ ನಡೆಯತ್ತೆ, ತಪ್ಪಿದ್ರೆ ನಾಯಿ ಜೊತೆ ಊರಿಗೆ ಹೋಗಿ ಬರೋವಾಗ ಮತ್ತೆ ರಕ್ತ, ಮತ್ತೆ ಮೂರು ತಿಂಗಳು. ಕರಿಯನದ್ದು ಬರೋ ತಿಂಗಳು ಇದೆ, ಅಪಾಯಿಂಟ್‌ಮೆಂಟ್ ಈಗ್ಲೇ ತಗೊಂಡಿದೀನಿ, ಇಲ್ಲಿ ಡಾಕ್ಟ್ರು ಬೇಗ ಸಿಗಲ್ಲ.